ಕೆಳಗಿನ ಎಲೆ ದುಡಿಯುತ್ತದೋ ಇಲ್ಲವೋ

ಹತ್ತನೇ ತರಗತಿಯ ದಸರಾ ರಜೆಗೆ ಆದೋನಿಯಿಂದ ಹೊಳಗುಂದ ಕಡೆಯ ಕಾಕನ ಊರಿಗೆ ಹೋದಾಗ, ಜಗತ್ತಿನಲ್ಲಿ ನನಗೆ ತಿಳಿಯದ್ದು ಏನೂ ಉಳಿದಿರಲಿಲ್ಲ. ಕಾಕನ ಹೆಂಡತಿ, ನನ್ನ ಚಿಗವ್ವ, ಜಗಳವಾಡಿ ಹತ್ತಿ ಹೊಲದಲ್ಲಿ ಒಂದು ಪಟ್ಟಿ ಕಬ್ಬು ಹಾಕಿಸಿದ್ದಳು. ಅದು ಸೊರಗಿದರೆ ಮುಂದಿನ ವರ್ಷ ಅಲ್ಲೂ ಹತ್ತಿಯೇ ಎಂದು ಕಾಕ ಹೇಳಿಬಿಟ್ಟಿದ್ದ.

ಈಗ ಅವನಿಗೆ ಕಬ್ಬಿನ ಕೆಳಗಿನ ಹಸಿರೆಲೆ ಸವರಿ ಎಮ್ಮೆಗೆ ಹಾಕುವ ಆಸೆ. "ನೆಳ್ಳಾಗ ಕುಂತಾವ, ಸುಮ್ನ ಉಣ್ಣಾಕ!"

"ಒಣಗಿದ್ದು ತಗೀರಿ. ಹಸಿರು ಯಾಕ?" ಎಂದಳು ಚಿಗವ್ವ.

ಇಬ್ಬರೂ ನನ್ನತ್ತ ನೋಡಿದರು. ನನ್ನದು ತೆಲುಗು ಮಾಧ್ಯಮ. "ಕಿರಣಜನ್ಯ ಸಂಯೋಗಕ್ರಿಯ," ಎಂದೆ ಮೂಗೇರಿಸಿ.

"ಯಾ ದೇವ್ರ ಪೂಜಿನೇ ಅದು?"

"ಬೆಳಕು ಬಿದ್ರ ಎಲಿ ಅಡಿಗಿ ಮಾಡ್ತೈತಿ ಚಿಗವ್ವ. ಬೆಳಕಿಲ್ಲಂದ್ರ ಒಲಿ ಆರಿದಂಗ."

ಕಾಕ ಖುಷಿಯಿಂದ ಕುಡುಗೋಲು ನನ್ನ ಕೈಗೇ ಕೊಟ್ಟ. ಅಂಚಿನ ಎರಡು ಸಾಲು ಬೋಳಿಸಿದೆ. ನನ್ನನ್ನು ವಿಜ್ಞಾನಿ ಎಂದು ಮೊದಲು ಒಪ್ಪಿದ್ದು ಎಮ್ಮೆ. ಕಬ್ಬಿನೆಲೆ ಮಾತ್ರ ನನ್ನ ತೋಳಿನ ಮೇಲೆ ಇಡೀ ಜಿಲ್ಲೆಯ ನಕಾಶೆ ಗೀರಿತು.

ಉಳಿದ ಸಾಲು ಸವರುವ ಮೊದಲು ಪುರಾವೆ ಇರಲಿ ಎಂದು ಫೋನಿನಲ್ಲಿ ಬೆಳಕು ಅಳೆಯುವ ಆ್ಯಪ್ ಹಾಕಿಕೊಂಡು ಕಬ್ಬಿನೊಳಗೆ ನುಗ್ಗಿದೆ. ಸಂಖ್ಯೆ ಪಾತಾಳಕ್ಕಿಳಿಯಿತು. ಗೆದ್ದೆ ಎನ್ನುವಷ್ಟರಲ್ಲಿ ಗಾಳಿಗೆ ಮೇಲಿನ ಎಲೆ ಸರಿದು, ಕೋಲಿನಂಥ ಬಿಸಿಲು ಬಿದ್ದು, ಸಂಖ್ಯೆ ಚಂಗನೆ ಹಾರಿತು. ಇಳಿಯಿತು. ಮತ್ತೆ ಹಾರಿತು. ಒಲೆ ಆರಿದೆಯೋ, ಆಗಾಗ ಹೊತ್ತಿಕೊಳ್ಳುತ್ತದೋ? ನಮ್ಮ ಪುಸ್ತಕದಲ್ಲಿ ಒಂದೇ ಎಲೆಯ ಚಿತ್ರವಿತ್ತು, ಮೇಲೆ ಸೂರ್ಯ ನಗುತ್ತಿದ್ದ. ಎಲೆಯ ಮೇಲೆ ಎಲೆ, ಅದರ ಮೇಲೆ ಇನ್ನೊಂದು ಎಲೆ ಬಂದರೆ ಏನು ಗತಿ ಎಂದು ಬರೆದಿರಲಿಲ್ಲ.

"ಕಾಕಾ, ಜರಾ ತಡಿ," ಎಂದೆ.

"ಸರೇ, ದೀಪಾವಳಿತನ ತಡೀತೀನಿ. ಆಮೇಲೆ ಎಲ್ಲಾ ಸವರೋದೇ."

ದೀಪಾವಳಿಗೆ ಹೋದರೆ ಕಾಕ ಬೋಳಿಸಿದ ಸಾಲಿನ ಜಲ್ಲೆ ಹಿಡಿದು ಕುಣಿಯುತ್ತಿದ್ದ. "ಒಳಗಿನಕಿಂತ ಎಷ್ಟು ದಪ್ಪ ನೋಡ್ರೆ! ತಾ ಕುಡುಗೋಲು!"

ಚಿಗವ್ವ ಅವನ ರಟ್ಟೆ ಹಿಡಿದು ಪಟ್ಟಿಯ ಆಚೆ ಅಂಚಿಗೆ ಎಳೆದೊಯ್ದಳು. ಅಲ್ಲಿ ಯಾರೂ ಎಲೆ ಮುಟ್ಟಿರಲಿಲ್ಲ.

"ಇದನ್ನ ಹಿಡದು ನೋಡ್ರಿ."

ಕಾಕ ಹಿಡಿದ. ಅಷ್ಟೇ ದಪ್ಪ, ಒಂದು ಕೂದಲು ಹೆಚ್ಚೇ.

"ಅಂಚಿಗೆ ಬಿಸ್ಲು ಜಾಸ್ತಿ ಬೀಳ್ತೈತಿ. ನಿಮ್ಮ ಕುಡುಗೋಲಿಂದ ಏನಿಲ್ಲ."

"ಹಂಗಾರ ಒಳಗಿನ ಎಲಿ ದುಡೀತಾವೋ ಇಲ್ಲೋ?" ಕಾಕ ನನ್ನನ್ನೇ ಕೇಳಿದ. ನಾನು ಫೋನಿನ ಚಾರ್ಜು ನೋಡಿದೆ.

"ಗೊತ್ತಾಗೋತನ ಮುಟ್ಟಬ್ಯಾಡ್ರಿ," ಎಂದಳು ಚಿಗವ್ವ.

ಕಾಕ ಗೊಣಗುತ್ತಾ ಬದುವಿನ ಹುಲ್ಲು ಕೊಯ್ಯಲು ಕೂತ. ಆ ಹೊರೆಯನ್ನು ಎಮ್ಮೆಯ ತನಕ ಹೊತ್ತದ್ದು ವಿಜ್ಞಾನಿಯ ತಲೆ.