ಮೂರು ಎಕರೆ ಬಿಟ್ಟು ಉಳಿದ ಭೂಮಿ

ಕಳೆದ ಕೊಯ್ಲಿಗೆ ಮೊದಲು, ಒಂದು ಮಂಗಳವಾರ, ನಮ್ಮ ಅತ್ತೆ ಇಡೀ ಭೂಮಿಗೆ ಒಡತಿಯಾದರು. ಸಮುದ್ರಗಳೂ ಸೇರಿದ್ದವು, ಎರಡು ಧ್ರುವಗಳೂ ಸೇರಿದ್ದವು. ಸೇರದೆ ಉಳಿದದ್ದು ಒಂದೇ ಜಾಗ, ಸೋಮವಾರಪೇಟೆ ಕಡೆಯ ನಮ್ಮೂರಿನಲ್ಲಿರುವ ಅವರ ಮೂರು ಎಕರೆ ಕಾಫಿ ತೋಟ.

ಇದು ಹೇಗಾಯಿತೆಂದು ಹೇಳುವ ಮೊದಲು ನನ್ನ ಚಟದ ವಿಷಯ ಹೇಳಿಬಿಡುತ್ತೇನೆ. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತಳಾದವಳು. ಸಣ್ಣಕ್ಷರದಲ್ಲಿ ಏನೇ ಬರೆದಿರಲಿ, ಓದದೆ ಬಿಡುವವಳಲ್ಲ. ಗೊಬ್ಬರದ ಚೀಲದ ಹಿಂಭಾಗ, ಮಿಕ್ಸಿ ಡಬ್ಬದೊಳಗಿನ ಚೀಟಿ, ಬಸ್ ಟಿಕೆಟ್ಟಿನ ಬೆನ್ನು, ಎಲ್ಲವನ್ನೂ ಓದಬೇಕು. ಪ್ಲಗ್ಗಿನ ಮೂರು ಕಡ್ಡಿಗಳ ನಡುವೆ ಇಷ್ಟೇ ದೂರ ಇರಲಿ ಎಂದು ಯಾರು ಎಲ್ಲಿ ಕೂತು ತೀರ್ಮಾನ ಮಾಡಿದರು, ಆ ದಿನ ಅವರಲ್ಲಿ ಜಗಳವಾಯಿತೇ, ಎಂದೆಲ್ಲ ಯೋಚಿಸುತ್ತಾ ಒಲೆಯ ಮೇಲೆ ಹಾಲು ಉಕ್ಕಿಸಿದ್ದೂ ಉಂಟು. ಮನೆಯವರ ಪಾಲಿಗೆ ಇದು ತಲೆಹರಟೆ. ಊರಿನ ಬೆಳೆಗಾರರ ಗುಂಪಿಗೆ ಮಾತ್ರ ಉಪಯೋಗಕ್ಕೆ ಬಂತು. ಇಂಗ್ಲಿಷಿನಲ್ಲಿ ಯಾವ ಕಾಗದ ಬಂದರೂ "ಟೀಚರ್ ಓದ್ತಾರೆ" ಎಂದು ನನ್ನ ಜಗಲಿಗೆ ತಂದು ಹಾಕುತ್ತಿದ್ದರು.

ಹಾಗೆ ಬಂದದ್ದು ತೋಟದ ಗಡಿ ಕೇಳುವ ಈ ಕಾಗದ. ನಮ್ಮ ಗುಂಪಿನ ಕಾಫಿ ಯುರೋಪಿನ ಕಡೆಗೆ ಹೋಗುತ್ತದೆ. ಕಾಡು ಕಡಿದು ಬೆಳೆದ ಕಾಫಿ ತಮಗೆ ಬೇಡ ಎಂದು ಅಲ್ಲಿಯವರು ನಿಯಮ ಮಾಡಿದ್ದಾರೆ. ಆದ್ದರಿಂದ ಪ್ರತಿಯೊಬ್ಬರ ತೋಟದ ಗಡಿಯನ್ನೂ ಫೋನಿನಲ್ಲಿ ಗುರುತು ಹಾಕಿ ಕಳಿಸಬೇಕು, ಅವರು ಅದನ್ನು ಉಪಗ್ರಹದ ಚಿತ್ರದ ಮೇಲಿಟ್ಟು ಮರ ಹೋಗಿದೆಯೇ ಇದೆಯೇ ಎಂದು ನೋಡುತ್ತಾರೆ. ಕಾಫಿ ಕೊಳ್ಳುವ ಕಂಪನಿಯ ಅಧಿಕಾರಿಣಿಯೊಬ್ಬಳು ಬಂದು ಸಮುದಾಯ ಭವನದಲ್ಲಿ ನಮಗೆಲ್ಲ ಹೇಳಿಕೊಟ್ಟಳು. ಒಂದು ಮೂಲೆಯಲ್ಲಿ ನಿಂತು ಗುಂಡಿ ಒತ್ತಿ, ಮುಂದಿನ ಮೂಲೆಗೆ ನಡೆದು ಮತ್ತೆ ಒತ್ತಿ, ಹೀಗೆ ಹೊರಟಲ್ಲಿಗೆ ವಾಪಸ್ ಬನ್ನಿ, ಅಷ್ಟೇ. ಯಾವ ಕಡೆಯಿಂದ ಸುತ್ತಬೇಕೆಂದು ಅವಳು ಹೇಳಲಿಲ್ಲ, ನಾವೂ ಕೇಳಲಿಲ್ಲ.

ಕೇಳುವ ಅಗತ್ಯವೇ ನಮಗೆ ಕಾಣಲಿಲ್ಲ. ನಮ್ಮ ಕಡೆ ಪ್ರತಿ ತೋಟದಲ್ಲೂ ಒಂದು ಚೌಡಿ ಕಲ್ಲು ಇರುತ್ತದೆ. ದೊಡ್ಡ ಮರದ ಬುಡದಲ್ಲಿ, ಎಣ್ಣೆ ಕುಡಿದು ಕಪ್ಪಾದ ಮೊಣಕಾಲೆತ್ತರದ ಕಲ್ಲು. ತೋಟ ಕಾಯುವವಳು ಅವಳು. ಕೊಯ್ಲು ಶುರುವಾಗುವ ಮುನ್ನ ಅವಳಿಗೊಂದು ಕಾಯಿ ಒಡೆದು, ಬೇಲಿಗುಂಟ ಒಂದು ಸುತ್ತು ಬರುತ್ತೇವೆ. ಸುತ್ತುವಾಗ ಚೌಡಿ ಬಲಗೈ ಕಡೆಗೇ ಇರಬೇಕು, ದೇವಸ್ಥಾನದ ಪ್ರದಕ್ಷಿಣೆಯ ಹಾಗೆ. ದೇವರು ದಿಂಡರ ಬಗ್ಗೆ ನನಗೆ ಅಷ್ಟಕ್ಕಷ್ಟೇ. ಆದರೂ ನನ್ನ ತೋಟದ ಗುರುತು ಹಾಕುವಾಗ ನಾನೂ ಬಲಕ್ಕೇ ಸುತ್ತಿದ್ದೆ, ಸುತ್ತಿದ್ದು ಗೊತ್ತೇ ಆಗಿರಲಿಲ್ಲ.

ಅತ್ತೆ ಎಂದರೆ ನನ್ನ ಅಪ್ಪನ ತಂಗಿ. ಎಪ್ಪತ್ತು ದಾಟಿದೆ, ಮಕ್ಕಳಿಲ್ಲ. ಮಾವ ಹೋದ ಮೇಲೆ ಮೂರು ಎಕರೆಯನ್ನೂ ಒಬ್ಬರೇ ನೋಡಿಕೊಳ್ಳುತ್ತಾರೆ. ಅವರ ತೋಟದ ಗುರುತು ಹಾಕಲು ಹೋದ ದಿನ, ಬೇಲಿಯ ಬಾಯಿಗೆ ಅಡ್ಡವಿದ್ದ ಬಿದಿರಿನ ಉಣುಗೋಲು ಸರಿಸಿ ಒಳಗೆ ಕಾಲಿಡುತ್ತಲೇ ಚಪ್ಪಲಿ ಬಿಟ್ಟರು.

"ಸರ್ವೆಯೋರು ಕಲ್ಲು ನೆಟ್ಟಿಲ್ವೇನೇ? ಮತ್ತೆ ಯಾಕೆ ಇದೆಲ್ಲ?" ಅಂದರು.

"ಇದು ಮೇಲಿಂದ ನೋಡೋರಿಗೆ ಅತ್ತೆ. ಸ್ಯಾಟಲೈಟಿಗೆ."

"ಮೆಣಸು ಕದಿಯೋರಿಗೂ ಕಾಣ್ಸುತ್ತಾ?"

ನಾನು ನಕ್ಕೆ. ಆದರೆ ಪ್ರಶ್ನೆ ಸರಿಯಾಗಿಯೇ ಇತ್ತು. ನಮ್ಮ ಮೂಲೆಗಳ ಅಂಕಿ ಎಲ್ಲಿಗೆ ಹೋಗುತ್ತದೆ, ಯಾರು ತೆರೆದು ನೋಡಬಹುದು, ದಾರಿಯಲ್ಲಿ ಯಾರಾದರೂ ಕದ್ದರೆ ಏನು ಗತಿ? ಆ ಸಂಜೆಯೇ ಅಧಿಕಾರಿಣಿಗೆ ಫೋನು ಮಾಡಿ ಕೇಳಿದೆ. ಅಂಕಿಗಳನ್ನು ಬೀಗ ಹಾಕಿದ ಹಾಗೆ ಗುಟ್ಟು ಮಾಡಿ ಕಳಿಸುವುದಕ್ಕೂ ದೇಶ ದೇಶದವರು ಒಪ್ಪಿಕೊಂಡ ಒಂದು ಪದ್ಧತಿ ಇದೆಯಂತೆ. ಅದನ್ನೂ ಹುಡುಕಿ ಓದಿದೆ, ಅರ್ಧ ಅರ್ಥವಾಯಿತು.

ಬಲಕ್ಕೆ ಸುತ್ತು ಹೊರಟೆವು, ಅತ್ತೆ ಮುಂದೆ, ನಾನು ಹಿಂದೆ. ಪ್ರತಿ ಮೂಲೆಯಲ್ಲೂ ಗುಂಡಿಯನ್ನು ತಾವೇ ಒತ್ತಿದರು, ಕುಂಕುಮ ಇಡುವಷ್ಟು ಜೋಪಾನವಾಗಿ. ಮೂಲೆಗೊಂದು ಕಥೆ. ಈ ಹಾಲವಾಣ ತಾವು ಮದುವೆಯಾಗಿ ಬಂದ ವರ್ಷ ನೆಟ್ಟದ್ದು, ಆ ನಂದಿ ಮರಕ್ಕೆ ಮರದ ವ್ಯಾಪಾರಿ ಮೂರು ಸಲ ಬಂದು ಬರಿಗೈಯಲ್ಲಿ ಹೋದದ್ದು. ವರ್ಷಕ್ಕೊಮ್ಮೆ ನೆರಳು ತೆಳುವಾಗಲೆಂದು ಕೊಂಬೆ ಸವರಿಸುವ ಮರಗಸಿಯ ದಿನ ಅತ್ತೆ ಮರದ ಬುಡದಲ್ಲೇ ನಿಂತು, ಹತ್ತಿದವನಿಗೆ ಸಾಕು ಸಾಕು ಎಂದು ಕೂಗುತ್ತಲೇ ಇರುತ್ತಾರೆ. ಹಳ್ಳದ ಪಕ್ಕದ ಕೆಳಗಿನ ಮೂಲೆಗೆ ಬಂದಾಗ ಮಾತ್ರ ಮಾತು ನಿಲ್ಲಿಸಿದರು. ಮಾವನನ್ನು ಸುಟ್ಟದ್ದು ಅಲ್ಲಿ. ಅಲ್ಲಿಯೂ ಒತ್ತಿ ಮುಂದೆ ನಡೆದರು. ಒಟ್ಟು ಹದಿನಾಲ್ಕು ಮೂಲೆ.

ಹದಿನೈದು ದಿನಕ್ಕೆ ಕಂಪನಿಯಿಂದ ಪಟ್ಟಿ ಬಂತು. ಪಕ್ಕದ ಊರಿನವರು ಎಡವೋ ಬಲವೋ ತೋಚಿದ ಕಡೆಗೆ ನಡೆದವರು, ಅರ್ಧಕ್ಕರ್ಧ ಪಾಸಾಗಿದ್ದರು. ನಮ್ಮೂರಿನ ಒಂಬತ್ತು ತೋಟಗಳ ಮುಂದೆಯೂ ಕೆಂಪು ಗುರುತು. ಅತ್ತೆಯ ಹೆಸರಿನ ಮುಂದೆ ಬರೆದದ್ದನ್ನು ಕನ್ನಡಕ ಒರೆಸಿಕೊಂಡು ಎರಡು ಸಲ ಓದಿದೆ. ವಿಸ್ತೀರ್ಣ ಸುಮಾರು ಐವತ್ತೊಂದು ಕೋಟಿ ಚದರ ಕಿಲೋಮೀಟರು. ಕಾಡು ನಾಶವಾಗಿದೆಯೇ ಎಂಬಲ್ಲಿ, ಹೌದು.

ಐವತ್ತೊಂದು ಕೋಟಿ ಎಂದರೆ ಯಾವ ಗಣಿತದ ಟೀಚರಿಗೂ ಗೊತ್ತು, ಇಡೀ ಭೂಮಿಯ ಮೈ. ಹೊಟ್ಟೆ ಹಿಡಿದುಕೊಂಡು ನಗುತ್ತಲೇ ಅತ್ತೆಯ ಮನೆಗೆ ಓಡಿದೆ. ಭೂಮಿಗೆಲ್ಲ ಒಡತಿಯಾದ ಕಥೆಯನ್ನು ಅವರು ಸುಮ್ಮನೆ ಕೇಳಿಸಿಕೊಂಡರು. ಕಾಡಿನ ವಿಷಯಕ್ಕೆ ಬರುವಷ್ಟರಲ್ಲಿ ಮುಖ ಬಾಡಿತು.

"ನಾನು ಕಾಡು ಕಡ್ದಿದ್ದೀನಿ ಅಂತ ಬರ್ದವ್ರಾ?"

"ನೀವಲ್ಲ ಅತ್ತೆ. ಪ್ರಪಂಚದಲ್ಲಿ ಎಲ್ಲೆಲ್ಲಿ ಕಡ್ದವ್ರೋ ಅದೆಲ್ಲ ನಿಮ್ಮ ತೋಟದ ಒಳಗೆ ಬಂದುಬಿಟ್ಟಿದೆ."

"ನನ್ನ ಹೆಸರಲ್ಲಿ ತಾನೇ ಬರ್ದಿರೋದು?"

ನಕ್ಕದ್ದಕ್ಕೆ ನಾಚಿಕೆಯಾಯಿತು. ಶುಕ್ರವಾರದೊಳಗೆ ಸರಿಯಾಗದಿದ್ದರೆ ಈ ವರ್ಷದ ಅವರ ಕಾಫಿ ಗುಂಪಿನ ಕಾಫಿಯ ಜೊತೆ ಹೋಗುವಂತಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಒಂದು ನಂದಿ ಮರವನ್ನು ಮೂರು ಸಲ ಉಳಿಸಿಕೊಂಡವರ ಹೆಸರಿನ ಮುಂದೆ ಆ ಮಾತು ಹಾಗೆಯೇ ಉಳಿದುಬಿಡುತ್ತಿತ್ತು.

ಅಧಿಕಾರಿಣಿಗೆ ಫೋನು ಮಾಡಿದೆ. ಪಾಪ, ಒಳ್ಳೆಯ ಹೆಣ್ಣು, ಅವಳಿಗೂ ಕಾರಣ ತಿಳಿದಿರಲಿಲ್ಲ. ಅವರ ಕಂಪ್ಯೂಟರಿನವರನ್ನು ಕೇಳಿ ಒಂದು ಗಂಟೆ ಬಿಟ್ಟು ತಿರುಗಿ ಮಾಡಿದಳು. "ಮೇಡಂ, ನೀವೆಲ್ಲ ಉಲ್ಟಾ ಸುತ್ತಿದ್ದೀರಂತೆ. ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸುತ್ತಬೇಕಂತೆ. ಇನ್ನೊಂದು ಸಲ ಎಡಕ್ಕೆ ನಡೆದುಬಿಡಿ, ಸರಿಹೋಗುತ್ತೆ."

ಅತ್ತೆಗೆ ಹೇಳಿದೆ. ಬುಟ್ಟಿಯಲ್ಲಿದ್ದ ಕಿತ್ತಳೆಯೊಂದನ್ನು ತೆಗೆದು, ಅದರ ಮೇಲೆ ಪೆನ್ನಿನಿಂದ ಒಂದು ಸಣ್ಣ ಸುತ್ತು ಬರೆದು ತೋರಿಸಿದೆ. ಕಾಗದದ ಮೇಲೆ ಸುತ್ತು ಬರೆದರೆ ಒಳಗು ಯಾವುದು ಎಂದು ಮಗುವಿಗೂ ಗೊತ್ತು. ಕಿತ್ತಳೆಯ ಮೇಲೆ ಬರೆದರೆ ಎರಡು ಕಡೆಯೂ ಒಳಗೇ. ಸುತ್ತಿನ ನಡುವಿನ ಚೂರು ತೋಟವೋ, ಉಳಿದ ಹಣ್ಣೆಲ್ಲ ತೋಟವೋ? ಕಂಪ್ಯೂಟರಿಗೆ ಅದು ಗೊತ್ತಾಗಲೆಂದು, ನಡೆಯುವವರ ಎಡಗೈ ಕಡೆ ಇರುವುದೇ ತೋಟ ಎಂದು ಎಲ್ಲರೂ ಸೇರಿ ಒಪ್ಪಿಕೊಂಡಿದ್ದಾರೆ. ನಾವು ತೋಟವನ್ನು ಬಲಗೈಗೆ ಇಟ್ಟುಕೊಂಡು ನಡೆದಿದ್ದೆವು. ಎಡಗೈಗೆ ಸಿಕ್ಕಿದ್ದು ಪ್ರಪಂಚ.

ಅತ್ತೆ ಕಿತ್ತಳೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಅರ್ಥವಾಯಿತು ಎಂದು ಮುಖವೇ ಹೇಳುತ್ತಿತ್ತು.

"ನಾನು ಸುತ್ತಲ್ಲ," ಅಂದರು.

"ಹತ್ತು ನಿಮಿಷದ ಕೆಲಸ ಅತ್ತೆ."

"ಎಡಕ್ಕೆ ಯಾವಾಗ ಸುತ್ತೋದು, ಹೇಳು. ನಾನು ಒಂದೇ ಸಲ ಸುತ್ತಿರೋದು. ಎರಡು ಸುತ್ತು ಆಯ್ತು, ಮಡಕೆ ಜಾರಿ ಒಡ್ದೋಯ್ತು. ಮೂರನೇದು ಆಗ್ಲೇ ಇಲ್ಲ."

ನನಗೆ ಆ ದಿನ ನೆನಪಾಯಿತು. ಮಾವ ತೀರಿಕೊಂಡಾಗ ನೀರಿನ ಮಡಕೆ ಹೊರಬೇಕಾದ ಅವರ ತಮ್ಮ ಮಂಗಳೂರಿನ ಆಸ್ಪತ್ರೆಯಲ್ಲಿ ಮಲಗಿದ್ದರು. ಬೇರೆ ಯಾರು ಎಂಬ ಮಾತು ಎಳೆದಾಡತೊಡಗಿದಾಗ ಅತ್ತೆ ತಾವೇ ಮಡಕೆಯನ್ನು ಎಡ ಹೆಗಲಿಗಿಟ್ಟುಕೊಂಡರು. ಎಡಕ್ಕೆ ಸುತ್ತುವುದು ಸಾವಿನಲ್ಲಿ ಮಾತ್ರ, ಚಿತೆಯ ಸುತ್ತ ಮೂರು ಸುತ್ತು ಬರಬೇಕು. ಮಣ್ಣು ಒದ್ದೆಯಾಗಿತ್ತು, ಎರಡನೇ ಸುತ್ತು ಮುಗಿಯುತ್ತಲೇ ಕಾಲು ಜಾರಿತು. ಆಯಿತು ಆಯಿತು, ನಡೆಯುತ್ತೆ ಎಂದು ಹಿರಿಯರು ಬೆಂಕಿ ಮುಟ್ಟಿಸಿದರು. ನಾನೂ ಅಲ್ಲೇ ನಿಂತಿದ್ದೆ. ಆಯಿತು ಎಂದೇ ನಾನೂ ಅಂದುಕೊಂಡಿದ್ದೆ, ಆಮೇಲೆ ಮರೆತುಬಿಟ್ಟಿದ್ದೆ. ಅತ್ತೆ ಮರೆತಿರಲಿಲ್ಲ. ಫೋನು ಎತ್ತಿಕೊಂಡು ಮನೆಗೆ ಬಂದೆ.

ಮಾರನೆಯ ದಿನ ಊಟವಾದ ಮೇಲೆ ಜಗಲಿಯಲ್ಲಿ ಕೂತು ಆ ನಿಯಮದ ಮೂಲವನ್ನೇ ಹುಡುಕಿದೆ. ಯಾರು ಬೇಕಾದರೂ ಓದಬಹುದಾದ ಹಾಗೆ ಇಂಟರ್ನೆಟ್ಟಿನಲ್ಲಿ ಇಟ್ಟಿದ್ದಾರೆ. ಕೆಲವೇ ಹಾಳೆ, ಒಣ ಇಂಗ್ಲಿಷು, ಒಂದು ಚಿತ್ರವೂ ಇಲ್ಲ. ಎಡಗೈ ಮಾತು ಅಲ್ಲಿ ಇತ್ತು. ನನಗೆ ನಗು ಬಂದದ್ದು ಅದಕ್ಕಲ್ಲ. ಗಡಿಯಾರಕ್ಕೆ ವಿರುದ್ಧವಾಗಿ ತಿರುಗಿದ ಕೋನ ಧನ, ಮುಳ್ಳಿನ ದಿಕ್ಕಿಗೆ ತಿರುಗಿದ್ದು ಋಣ ಎಂದು ಇಷ್ಟು ವರ್ಷ ಮಕ್ಕಳಿಗೆ ಉರು ಹೊಡೆಸಿದವಳು ನಾನೇ. ಯಾಕೆ ಎಂದು ಒಂದು ಮಗುವೂ ಕೇಳಲಿಲ್ಲ, ಇಷ್ಟು ಕುತೂಹಲದ ಟೀಚರೂ ಕೇಳಿಕೊಳ್ಳಲಿಲ್ಲ.

ಚಟದವಳಲ್ಲವೇ, ಅದರ ಕೆಳಗಿನದನ್ನೂ ಓದಿದೆ. ಈ ನಿಯಮ ಬರುವ ಮೊದಲು ಎಷ್ಟೋ ಗುರುತುಗಳು ಬೇರೆ ದಿಕ್ಕಿನಲ್ಲಿ ಆಗಿರಬಹುದು, ಆದ್ದರಿಂದ ಹಾಗೆ ಬಂದವನ್ನು ಸುಮ್ಮನೆ ತಳ್ಳಿಹಾಕಬೇಡಿ ಎಂಬ ಅರ್ಥದ ಒಂದು ಮಾತು ಅಲ್ಲಿತ್ತು. ನಾನು ಕುರ್ಚಿಯಿಂದ ಎದ್ದುಬಿಟ್ಟೆ. ಯಾವುದೋ ದೇಶದಲ್ಲಿ ಮೇಜಿನ ಸುತ್ತ ಕೂತವರಿಗೆ ನಮ್ಮ ಚೌಡಿ ಗೊತ್ತಿಲ್ಲ. ಆದರೂ ಬೇರೆ ಕಡೆಗೆ ನಡೆದವರು ಇದ್ದಾರು ಎಂದು ಒಂದು ಗಳಿಗೆ ಯೋಚಿಸಿ, ಅವರಿಗೊಂದು ಸಾಲು ಬರೆದಿಟ್ಟಿದ್ದರು. ಅವರ ಮೇಲೆ ಅಕ್ಕರೆ ಉಕ್ಕಿ ಬಂತು. ನಿಯಮ ಬರೆದವರಿಗಿದ್ದ ತಾಳ್ಮೆ ಅದನ್ನು ಕಂಪ್ಯೂಟರಿಗೆ ಹಾಕಿದವರಿಗೆ ಇರಲಿಲ್ಲ ಎಂದು ಸಿಟ್ಟೂ ಬಂತು.

ಸಿಟ್ಟಿನಲ್ಲೇ ಉಪಾಯ ಹೊಳೆಯಿತು. ಗುರುತು ಎಂದರೆ ಅಂಕಿಗಳ ಪಟ್ಟಿ ಅಷ್ಟೇ, ಮೂಲೆಗೊಂದು ಜೋಡಿ. ಅದನ್ನು ಕೆಳಗಿನಿಂದ ಮೇಲಕ್ಕೆ ಬರೆದರೆ ದಿಕ್ಕು ತಾನಾಗಿಯೇ ಬದಲಾಗುತ್ತದೆ. ಅತ್ತೆಯ ಹದಿನಾಲ್ಕು ಮೂಲೆಗಳನ್ನು ಹಾಗೆ ತಿರುಗಿಸಿ ಬರೆದು ಅಧಿಕಾರಿಣಿಗೆ ಕಳಿಸಿದೆ, ಆ ನಿಯಮದ ಸಾಲನ್ನೂ ಜೊತೆಗಿಟ್ಟೆ. ಅವಳು ಹಾಕಿ ನೋಡಿ ಫೋನಿನಲ್ಲೇ ಕಿರುಚಿದಳು. ಒಂದು ಪಾಯಿಂಟ್ ಎರಡು ಹೆಕ್ಟೇರು, ಕಾಡು ನಾಶ ಇಲ್ಲ, ಹಸಿರು. ಉಳಿದ ಎಂಟನ್ನು ಅವಳೇ ತಿರುಗಿಸಿಕೊಂಡಳು, ಊರಲ್ಲಿ ಯಾರೂ ಮತ್ತೆ ನಡೆಯಬೇಕಾಗಲಿಲ್ಲ.

ಶುಕ್ರವಾರ ಬೆಳಿಗ್ಗೆ ಅತ್ತೆಗೆ ಸುದ್ದಿ ಮುಟ್ಟಿಸಿದೆ. ಹೆಸರಿನ ಮುಂದಿದ್ದ ಮಾತು ಹೋಯಿತು ಎಂದಾಗ ಅವರು ಸೆರಗಿನಿಂದ ಮುಖ ಒರೆಸಿಕೊಂಡರು, ಕಾಫಿ ಕೊಟ್ಟರು. ನಾನು ಲೋಟ ಕೆಳಗಿಡುವಾಗ ಕೇಳಿದರು.

"ಈಗ ಅದ್ರಲ್ಲಿ ನಾನು ಯಾವ ಕಡೆಗೆ ಸುತ್ತಿದಂಗೆ ಇದೆ?"

ಬರೀ ಅಂಕಿ ಅತ್ತೆ, ಅದರಲ್ಲಿ ಯಾರೂ ನಡೆಯುವುದಿಲ್ಲ ಎಂದು ಹೇಳಬಹುದಿತ್ತು.

"ಎಡಕ್ಕೆ," ಅಂದೆ.

ಅವರಿಗೆ ಸಿಟ್ಟು ಬಂದಂತೆ ಕಾಣಲಿಲ್ಲ. ಲೋಟ ತೊಳೆದು ಬೋರಲು ಹಾಕಿದರು. ಬಾಗಿಲ ಹತ್ತಿರ ಹೋಗಿ ತೋಟದ ಕಡೆ ನೋಡಿದರು.

"ಸುತ್ತಿಲ್ದೇ ಸುತ್ತಿದೆ ಅಂತ ಬರ್ಸ್ಬಾರ್ದು. ಬಾ," ಅಂದರು. ನಾನು ಫೋನು ಕೈಗೆತ್ತಿಕೊಂಡೆ. "ಅದು ಇಲ್ಲೇ ಇರ್ಲಿ."

ಉಣುಗೋಲಿನ ಹತ್ತಿರ ಅವರು ಚಪ್ಪಲಿ ಬಿಟ್ಟರು, ನಾನೂ ಬಿಟ್ಟೆ. ಚೌಡಿಯ ಕಡೆಗೊಮ್ಮೆ ಕೈಮುಗಿದು ಎಡಕ್ಕೆ ಹೊರಟರು. ಅವರ ಕೈ ಎರಡೂ ಖಾಲಿಯಿದ್ದವು, ಆದರೂ ಎಡ ಹೆಗಲನ್ನು ಸ್ವಲ್ಪ ಎತ್ತಿ ಹಿಡಿದು ನಡೆಯುತ್ತಿದ್ದರು. ಅದೇಕೆಂದು ತಿಳಿಯಲು ನನಗೆ ನಾಲ್ಕು ಮೂಲೆ ಬೇಕಾಯಿತು. ಹಳ್ಳದ ಪಕ್ಕದ ಮೂಲೆಯಲ್ಲಿ ಮಣ್ಣು ಈ ಸಲವೂ ಒದ್ದೆಯಾಗಿತ್ತು. ಹಿಂದಿನಿಂದ ಅವರ ಮೊಣಕೈ ಹಿಡಿದುಕೊಂಡೆ, ಬಿಡಿಸಿಕೊಳ್ಳಲಿಲ್ಲ. ನಿಧಾನವಾಗಿ ಒಂದೊಂದೇ ಹೆಜ್ಜೆ ಇಟ್ಟು ಆ ಜಾಗವನ್ನು ದಾಟಿದರು.

ಹೊರಟಲ್ಲಿಗೆ ವಾಪಸ್ ಬಂದಾಗ ಹೆಗಲು ಇಳಿಸಿದರು.

"ಮೂರಾಯ್ತು," ಅಂದರು ಅತ್ತೆ.