ಬಡಿದವರು, ಬಡಿಸಿದವರು

ಕಲಬುರಗಿಯ ಕಾಲೇಜೊಂದರಲ್ಲಿ ಕನ್ನಡ ಪಾಠ ಮಾಡುವ ನನ್ನನ್ನು ಆ ವರ್ಷ ಆಡಳಿತ ಪದಕೋಶದ ಸಮಿತಿಗೆ ಸೇರಿಸಿಕೊಂಡರು. ತಮ್ಮ ಕೆಲಸ ಹೊರಗಿನವರಿಗೆ ಕೊಡುವುದನ್ನು ಕಚೇರಿಯವರು ಹೊರಗುತ್ತಿಗೆ ಎನ್ನುತ್ತಾರಲ್ಲ, ಅದಕ್ಕೊಂದು ಕ್ರಿಯಾಪದ ಬೇಕು, ಅರ್ಥ ಬರೆದು ಬಳಕೆಯ ವಾಕ್ಯ ಕೊಡಿ ಎಂದರು. ಅಧ್ಯಕ್ಷರ ಸೂಚನೆ 'ಹೊರಗುತ್ತಿಗೆಗೊಳಿಸು'. ನಾಲ್ಕು ದಿನ ಕೂತರೂ, ಮನುಷ್ಯರು ಆಡಬಹುದಾದ ಒಂದು ವಾಕ್ಯ ಅದರಿಂದ ಹೊರಡಲಿಲ್ಲ.

ಅಷ್ಟರಲ್ಲಿ ಎಳ್ಳಮಾವಾಸ್ಯೆ ಬಂತು. ಕಮಲಾಪುರದಿಂದ ಅತ್ತೆ ಫೋನ್ ಮಾಡಿ, ಹೊಲಕ್ಕೆ ಇಪ್ಪತ್ತು ಮಂದಿ ಬರುತ್ತಾರೆ, ಕಾಳು ಸೊಪ್ಪು ಕೂಡಿಸಿ ಬೇಯಿಸುವ ಭಜ್ಜಿ ನಾನು ಮಾಡುತ್ತೇನೆ, ಸಜ್ಜೆ ರೊಟ್ಟಿ ನೀನು ತಾ ಎಂದರು. ಅಂಗಡಿ ರೊಟ್ಟಿ ಬೇಡವೆಂದು ಎರಡು ಸಲ ಹೇಳಿದರು. ಹೂಂ ಎಂದೆ. ನನ್ನ ರೊಟ್ಟಿಯ ಅಂಚು ಒಂದು ದಿನವೂ ಒಡೆಯದೆ ಉಳಿದದ್ದಿಲ್ಲ. ಮೇಲೆ ಕ್ರಿಯಾಪದ ಬೇರೆ ಬಾಕಿ. ಶಹಾಬಜಾರದ ನಮ್ಮ ಓಣಿಯಲ್ಲೇ ರೊಟ್ಟಿ ಮಾಡಿಕೊಡುವ ಹೆಂಗಸಿಗೆ ಐವತ್ತು ಹೇಳಿಬಂದೆ. ಅದು ಅಂಗಡಿಯಲ್ಲ, ಮನೆ ಎಂದು ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಂಡೆ.

ಭೂಮಿತಾಯಿಗೆಂದು ಹೊಲದ ತುಂಬ ಎಡೆಯ ಚರಗ ಚೆಲ್ಲಿ ಎಲ್ಲರೂ ಉಣ್ಣಲು ಕೂತರು. ಎಳ್ಳು ಹಚ್ಚಿದ ರೊಟ್ಟಿಗಳನ್ನು ತಟ್ಟೆಗಳಿಗೆ ಹಾಕುತ್ತ ಹೋದೆ. ನಾದಿನಿ ಒಂದನ್ನು ಎತ್ತಿ ಹಿಡಿದು ನೋಡಿದಳು.

"ವೈನಿ, ಇವು ನೀವೇ ಬಡಿದೀರೇನ್ರಿ?"

"ಬಡಿಸೀನಿ" ಎಂದೆ.

ನಮ್ಮ ಕಡೆ ರೊಟ್ಟಿ ತಟ್ಟುವುದಕ್ಕೆ ಬಡಿಯುವುದು ಎನ್ನುತ್ತಾರೆ; ಬೇರೆಯವರ ಕೈಲಿ ತಟ್ಟಿಸಿದರೂ ಬಡಿಸಿದ್ದೇ, ತಟ್ಟೆಗೆ ಹಾಕಿದರೂ ಬಡಿಸಿದ್ದೇ. ಎರಡೂ ನಿಜ. ವ್ಯಾಕರಣ ಓದಿದ್ದು ಆ ದಿನ ಮೊದಲ ಸಲ ಉಪಯೋಗಕ್ಕೆ ಬಂತು. ಆದರೆ ಅವಳಿಗೆ ಕೇಳಿಸಿದ್ದು ಮೂರನೆಯ ಅರ್ಥ, ನಾನೇ ಬಡಿದೆನೆಂದು. ಅವಳು ಎಲ್ಲರಿಗೂ ಸಾರಿದಳು. ಹಿರಿಯರೊಬ್ಬರು ತಮ್ಮ ಸೊಸೆಗೆ, ಕಾಲೇಜಿಗೆ ಹೋಗಿಯೂ ಈಕೆ ಹೇಗೆ ಮಾಡುತ್ತಾಳೆ ನೋಡು ಎಂದರು. ಆ ಹುಡುಗಿ ತಲೆ ತಗ್ಗಿಸಿದಳು; ಅವಳ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದೆ. ಆಮೇಲೆ ಆ ಹಿರಿಯರು ಅತ್ತೆಯ ಭಜ್ಜಿಯನ್ನೂ ಹೊಗಳಿದರು. ಅತ್ತೆ ಸುಮ್ಮನೆ ತಲೆಯಾಡಿಸಿದರು.

ಬಾವಿಯ ಹತ್ತಿರ ಪಾತ್ರೆ ತೊಳೆಯುವಾಗ ಅತ್ತೆಗೆ ಎಲ್ಲ ಹೇಳಿಬಿಟ್ಟೆ. ಅವರು ಕೈ ನಿಲ್ಲಿಸಲಿಲ್ಲ.

"ನನಗ ಗೊತ್ತದ. ನಿನ್ನ ರೊಟ್ಟಿ ಇಷ್ಟು ದುಂಡಗ ಯಾವಾಗ ಆಗ್ಯಾವ?"

ಸಿಟ್ಟಾದರೇನೋ ಎಂದು ಮುಖ ನೋಡಿದೆ. ಅವರು ಆಚೆ ಈಚೆ ನೋಡಿ ದನಿ ತಗ್ಗಿಸಿದರು.

"ಮೊಣಕಾಲ್ ನೋವು, ಒಲಿ ಮುಂದ ಕುಂಡ್ರಲಾಕ ಆಗಲ್ಲ. ಭಜ್ಜಿ ಬಾಜು ಮನಿಯಾಕಿ ಕಡಿಂದ ಮಾಡಿಸೀನಿ. ಯಾರ ಮುಂದೂ ಅನಬ್ಯಾಡ."

ಅಷ್ಟು ವರ್ಷಗಳಲ್ಲಿ ನಾವಿಬ್ಬರೂ ಒಂದೇ ಕಾರಣಕ್ಕೆ ನಕ್ಕದ್ದು ಅದೇ ಮೊದಲು.

ಮುಂದಿನ ಸಭೆಯಲ್ಲಿ 'ಮಾಡಿಸು' ಎಂಬ ಪದ ಸಾಕು ಎಂದು ವಾದಿಸಿದೆ. ಬಳಕೆಗೆ 'ಭಜ್ಜಿಯನ್ನು ನೆರೆಯವರಿಂದ ಮಾಡಿಸಿದರು' ಎಂದು ಓದಿದೆ. ಯಾರು ಮಾಡಿಸಿದರೆಂದು ಹೇಳಲಿಲ್ಲ. ಅಧ್ಯಕ್ಷರು ತಾಳ್ಮೆಯಿಂದ ಕೇಳಿ, ಪದ ಚೆನ್ನಾಗಿದೆ, ಆದರೆ ಎಲ್ಲರಿಗೂ ಅರ್ಥವಾಗುತ್ತದೆ, ಕಚೇರಿಯ ಘನತೆಗೆ ಸಾಲದು ಎಂದರು. 'ಹೊರಗುತ್ತಿಗೆಗೊಳಿಸು' ಉಳಿಯಿತು. ನಾನೂ ಸಹಿ ಹಾಕಿದೆ.

ಆ ವಾರ ಫೋನಿನಲ್ಲಿ ಅತ್ತೆ ನನ್ನ ಕೆಲಸ ಏನಾಯಿತೆಂದು ಕೇಳಿದರು. ಪದ ಹೇಳಿದೆ. ಇನ್ನೊಮ್ಮೆ ಹೇಳಿಸಿಕೊಂಡರು, ಅನ್ನಲು ನೋಡಿದರು, ನಡುವೆ ಕೈಬಿಟ್ಟರು.

"ಇದನ್ನ ಅನ್ಲಾಕ ಒಬ್ಬರನ್ನ ಇಡಬೇಕಾಗ್ತದ ನೋಡು."