ಎರ್ಸೀಲಿಯಾ ಇಡದ ಊಳು

ರೋಮ್ ನಗರದ ಕ್ವಾದ್ರಾರೋ ಬಡಾವಣೆಯ ಎರ್ಸೀಲಿಯಾ ತನ್ನ ಆಯುಷ್ಯದಲ್ಲಿ ಓಸ್ತಿಯಾದ ಕಡಲದಂಡೆಯಿಂದಾಚೆ ಹೋದವಳಲ್ಲ. ಆದರೂ ಹದಿನಾರು ವರ್ಷ ಆಕೆ ನರಭಕ್ಷಕರ ಕಂಠವಾಗಿ ಬದುಕಿದಳು. ಕೋಳಿ ಮಾರುವವನ ಮಗಳು. ಸಂತೆಯಲ್ಲಿ ಕೂಗಿ ಪಳಗಿದ ಗಂಟಲು. ಕಡಿಮೆ ಖರ್ಚಿನ ಕಾಡಿನ ಸಿನಿಮಾಗಳಿಗೆ ಧ್ವನಿ ತುಂಬುವ ಕೋಣೆಯಲ್ಲಿ ಐವರು ಹೆಂಗಸರನ್ನು ಕಟ್ಟಿಕೊಂಡು ಇಡೀ ಬುಡಕಟ್ಟಿನ ಆರ್ಭಟವನ್ನೇ ಎಬ್ಬಿಸುತ್ತಿದ್ದಳು. ಮುದುಕಿಯ ಗೋಳು, ಮಾಟಗಾತಿಯ ಕಿರುಚಾಟ, ನಾಯಕನ ಊಳು ಎಲ್ಲವೂ ಆಕೆಯವೇ. ಮಧ್ಯಾಹ್ನ ಬಿಸಿ ಹಾಲಿಗೆ ಜೇನು ಬೆರೆಸಿ ಕುಡಿದು, ಶಿಲುಬೆಯ ಗುರುತು ಹಾಕಿಕೊಂಡು, ಮತ್ತೆ ಊಳಿಡುವಳು. ನಮ್ಮ ಇಗರ್ಜಿಯ ಗುರುವಾರ ಸಂಜೆಯ ಪ್ರಾರ್ಥನಾಕೂಟಕ್ಕೆ ಗಂಟಲು ಕಟ್ಟಿದ್ದರೂ ತಪ್ಪದೆ ಬರುತ್ತಿದ್ದಳು. ಪಾದ್ರಿಯಾದ ನಾನು ವಾಕ್ಯ ಓದಿ ಮುಗಿಸಿದಾಗ ಮೊದಲ "ಆಮೆನ್" ಆಕೆಯದೇ.

ಆ ಚಿತ್ರಗಳ ಘೋರಾರಣ್ಯವೆಂದರೆ ರೋಮಿನ ಪಕ್ಕದಲ್ಲೇ ಹರಿಯುವ ಅನಿಯೇನೆ ಹೊಳೆಯ ದಂಡೆ. ಕುಂಡದಲ್ಲಿಟ್ಟ ಬಾಳೆಗಿಡ, ಬಾಡಿಗೆಯ ಹೆಬ್ಬಾವು. ಕಾಡುಜನರಾಗಲು ಮೈ ಕಪ್ಪಗಿದ್ದರೆ ಸಾಕಿತ್ತು, ಯಾವ ದೇಶದವನೆಂದು ಕೇಳುವವರಿರಲಿಲ್ಲ. ಹಾಗೆ ಎಪ್ಪತ್ತೆಂಟರ ವಸಂತದಲ್ಲಿ ನರಭಕ್ಷಕರ ನಾಯಕನಾದವನು ನಮ್ಮ ಕೂಟದ ಹಬ್ತೋಮ್. ಎರಿತ್ರಿಯಾದವನು, ಹೋಟೆಲಿನಲ್ಲಿ ಪಾತ್ರೆ ತೊಳೆಯುವ ಸಾಧುಜೀವಿ.

ಒಂದು ಗುರುವಾರ ಕೂಟ ಮುಗಿದ ಮೇಲೆ ಅವನು ಎರ್ಸೀಲಿಯಾಳ ಪಕ್ಕದಲ್ಲಿ ಕುಳಿತ.

"ಅಕ್ಕಾ, ಶೂಟಿಂಗ್ ದಿನ ಬೆಳಿಗ್ಗೇನೇ ಕಾಗದ ಬಂತು. ಅಮ್ಮ ಹೋಗ್ಬಿಟ್ಲು. ಡೈರೆಕ್ಟರು, 'ಏನಾದ್ರೂ ಹೇಳಯ್ಯ, ಒಂದು ಎರಡು ಅಂತ ಎಣಿಸು, ಧ್ವನಿ ಆಮೇಲೆ ಹಾಕ್ತೀವಿ' ಅಂದ್ರು. ನಾನು ಅಮ್ಮನಿಗೋಸ್ಕರ ನಮ್ಮೂರ ಭಾಷೇಲಿ ಪರಲೋಕದ ತಂದೆಯ ಪ್ರಾರ್ಥನೆ ಹೇಳ್ಬಿಟ್ಟೆ. ಈಗ ಅದರ ಮೇಲೆ ನಾಯಿ ಥರ ಊಳು ಹಾಕ್ತಾರಂತೆ."

ಹಾಕಬೇಕಾದವಳು ತಾನೇ ಎಂದು ಎರ್ಸೀಲಿಯಾಗೆ ಗೊತ್ತಿತ್ತು. ಸೋಮವಾರ ಆ ದೃಶ್ಯದ ಸರದಿ. "ದೇವರು ಕೊಟ್ಟ ಕಂಠವಮ್ಮಾ..." ಎಂದು ನಾನು ಬಾಯಿ ತೆರೆದೆ.

"ಬುದ್ಧೀನೂ ಕೊಟ್ಟಿದಾನೆ ಸ್ವಾಮಿ. ನೀವು ಸುಮ್ನಿರಿ, ನಾನು ನೋಡ್ಕೋತೀನಿ."

ಸೋಮವಾರ ಆಕೆ ಹಬ್ತೋಮನನ್ನು ಕರೆದುಕೊಂಡೇ ಹೋದಳು. ಧ್ವನಿ ಕೆಲಸದ ಮೇಲ್ವಿಚಾರಕ ಫಾಲ್ಕೋನಿ ಹುಬ್ಬೇರಿಸಿದ.

"ಏನಮ್ಮಾ, ಕೆಲಸಕ್ಕೆ ನೆಂಟರನ್ನೂ ಕರ್ಕೊಂಡು ಬಂದ್ಯಾ?"

"ನರಭಕ್ಷಕರ ನಾಯಕರು ಯಜಮಾನ್ರೇ. ಹೆದರ್ಬೇಡಿ, ಊಟ ಮಾಡ್ಕೊಂಡೇ ಬಂದಿದಾರೆ."

ಹೆಂಗಸರು ಗೊಳ್ಳೆಂದರು. ಪರದೆ ಬೆಳಗಿತು. ಎರ್ಸೀಲಿಯಾ ಮೊದಲು ಊಳನ್ನು ಎರಡು ಕ್ಷಣವಷ್ಟೇ ಕೇಳಿಸಿ ಅರ್ಧಕ್ಕೆ ನಿಲ್ಲಿಸಿದಳು.

"ನೋಡಿ. ಊಳಿಗೆ ಬಾಯಿ ತೆರೆದೇ ಇರ್ಬೇಕು. ಇವನ ತುಟಿ ಮಾತುಮಾತಿಗೂ ಮುಚ್ಚುತ್ತೆ. ಕೂರಲ್ಲ ಇದು. ಅವತ್ತು ಏನಂದ್ನೋ ಅದನ್ನ ಅವನೇ ಹೇಳ್ಲಿ."

"ತುಟಿ ಯಾರಮ್ಮ ನೋಡ್ತಾರೆ? ಜನ ಬರೋದು ಹೀರೋಯಿನ್ ಹುಡುಗೀನ ನೋಡೋಕೆ!"

"ನಾನು ನೋಡ್ತೀನಿ. ಹದಿನಾರು ವರ್ಷದಲ್ಲಿ ಒಂದು ತುಟಿ ತಪ್ಪಿದ್ದು ತೋರ್ಸಿ. ಈ ಬಾಯಿಗೆ ನಾನು ಊಳಿಡಲ್ಲ. ಬೇರೆಯವರನ್ನ ಕರೆಸ್ಕೊಳ್ಳಿ, ಇವತ್ತೂ, ನಾಳೇನೂ."

ಅಷ್ಟು ಹೇಳಿ ಚೀಲ ಎತ್ತಿಕೊಂಡಳು. ಐವರೂ ಚೀಲ ಎತ್ತಿಕೊಂಡರು. ಫಾಲ್ಕೋನಿ ಗಡಿಯಾರ ನೋಡಿದ. ಕೋಣೆಯ ಬಾಡಿಗೆ ಗಂಟೆಗಿಷ್ಟು ಎಂದಿತ್ತು.

"ಸರಿ ಮಾರಾಯ್ತಿ! ಒಂದೇ ಸಲ."

ಹಬ್ತೋಮ್ ಪರದೆಯ ಮೇಲಿನ ತನ್ನ ಬಣ್ಣ ಬಳಿದ ಮುಖವನ್ನೇ ದಿಟ್ಟಿಸುತ್ತ ತಾಯಿಗಾಗಿ ಎರಡನೆಯ ಬಾರಿ ಪ್ರಾರ್ಥಿಸಿದ. ಪ್ರತಿ ಮಾತೂ ತುಟಿಯ ಮೇಲೆ ಹಕ್ಕಿಯಂತೆ ಬಂದು ಕೂತಿತು.

"ಮೈ ಜುಂ ಅಂತಲ್ಲಯ್ಯ! ಏನದು, ಶಾಪದ ಮಂತ್ರಾನಾ?" ಎಂದ ಫಾಲ್ಕೋನಿ.

"ತುಂಬ ಹಳೇ ಮಾತು ಯಜಮಾನ್ರೇ," ಎಂದಳು ಎರ್ಸೀಲಿಯಾ. ಸುಳ್ಳಾಡುವುದು ಆಕೆಗೆ ಬಾರದು.

ಚಿತ್ರ ನಮ್ಮ ಬಡಾವಣೆಯ ಹಳೆಯ ಟಾಕೀಸಿಗೆ ಬಂದದ್ದು ಶರತ್ಕಾಲದಲ್ಲಿ. ಗುರುವಾರ ಮಧ್ಯಾಹ್ನ ಮನೆಗೆಲಸದ ಹೆಂಗಸರಿಗೆ ಬಿಡುವು. ಹಾಗೆ ಬಿಡುವಾದ ಹಬ್ತೋಮನ ನಾಡಿನ ಹೆಂಗಸರು ಹಿಂದಿನ ಎರಡು ಸಾಲು ತುಂಬಿದ್ದರು. ಎರ್ಸೀಲಿಯಾ, ಹಬ್ತೋಮ್, ನಾನು ಮೂವರೂ ಅವರ ಮುಂದೆ ಕುಳಿತೆವು. ರಟ್ಟಿನ ತಲೆಬುರುಡೆಗಳ ನಡುವೆ ನಾಯಕ ಚೆಲುವೆಯ ಮೇಲೆ ಈಟಿ ಎತ್ತಿದ. ಪಡ್ಡೆಗಳು ಸಿಳ್ಳೆ ಹಾಕಿದರು. ಆಗ ನಾವು ರೋಮಿನವರು ಮಸಿ ಬಳಿದು ಕಾಡು ಮಾಡಿದ್ದ ಆ ಬಾಯಿಂದ ನಮ್ಮೆಲ್ಲರ ತಂದೆಯ ಹೆಸರು ಹೊರಟಿತು.

ಹಿಂದಿನ ಸಾಲು ಬೆಚ್ಚಿತು. ಒಬ್ಬಾಕೆ ತಲೆಯ ಮೇಲೆ ಬಿಳಿಯ ಸೆರಗೆಳೆದು ಎದ್ದು ನಿಂತಳು, ಮತ್ತೊಬ್ಬಳು ಎದ್ದಳು, ಆಮೇಲೆ ಎಲ್ಲರೂ. ಅವರ ದನಿ ಹಬ್ತೋಮನ ದನಿಯೊಡನೆ ಕೂಡಿತು. ಸಿಳ್ಳೆಗಳು ತಾವಾಗಿಯೇ ಅಡಗಿದವು. ಹಬ್ತೋಮ್ ಮುಖ ಮುಚ್ಚಿಕೊಂಡು ಅಳುತ್ತಿದ್ದ. ಪ್ರಾರ್ಥನೆ ಕೊನೆ ಮುಟ್ಟಿದಾಗ, ಹಿಂದಿನ ಎರಡು ಸಾಲಿನವರಿಗಿಂತಲೂ ಮೊದಲು, ಪಕ್ಕದಲ್ಲಿ ಎರ್ಸೀಲಿಯಾಳ ಕೂಗಿ ಕಟ್ಟಿದ ಆ ಗಂಟಲು "ಆಮೆನ್" ಎಂದಿತು.